ಭಕ್ತಿಗೀತೆಗೆ ಬೆಲೆ ಕಟ್ಟಬಹುದೆ?

ದೇವರ ಸ್ತುತಿಗೆಂದು ಪಳಗಿದ ಕಂಠವು ಹಣಕ್ಕಾಗಿ ಹಾಡಿದರೆ ಅದರ ಪಾವಿತ್ರ್ಯಕ್ಕೆ ಭಂಗ ಬರುವುದೆ? ಎಲ್ಲ ಸಮಾಜಗಳಲ್ಲಿಯೂ ಆಗಾಗ ಏಳುವ ಪ್ರಶ್ನೆಯಿದು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ, ಕಪ್ಪು ಜನಾಂಗದ ಚರ್ಚುಗಳಲ್ಲಿ ಬೆಳೆದ ಗಾಯಕರ ಪಾಲಿಗೆ ಇದು ಕೇವಲ ತರ್ಕದ ವಿಷಯವಾಗಿ ಉಳಿಯದೆ ಜೀವನದ ಗತಿಯನ್ನೇ ನಿರ್ಧರಿಸಿತು.

ಅಲ್ಲಿನ ‘ಗಾಸ್ಪೆಲ್’ ಎಂಬ ಭಕ್ತಿಗೀತೆಗಳೂ ‘ಬ್ಲೂಸ್’ ಎಂಬ ಲೌಕಿಕ ಗೀತೆಗಳೂ ಒಂದೇ ಜನರ ಬಾಳಿನಿಂದ ಮೂಡಿದವು. ಸ್ವರದ ಏರಿಳಿತಗಳಲ್ಲಿ ಅವುಗಳಿಗೆ ಹತ್ತಿರದ ನಂಟಿತ್ತು. ಗಾಸ್ಪೆಲ್ ಸಂಗೀತದ ಜನಕನೆನಿಸಿದ ಥಾಮಸ್ ಡಾರ್ಸಿ (1899–1993) ಮೊದಲು ಬ್ಲೂಸ್ ಪಿಯಾನೋ ವಾದಕನೇ ಆಗಿದ್ದನು. ಆದರೂ ಅನೇಕ ಶ್ರದ್ಧಾಳುಗಳು ಇವೆರಡರ ನಡುವೆ ದಾಟಬಾರದ ಗೆರೆಯೊಂದನ್ನು ಎಳೆದಿದ್ದರು. ಧ್ವನಿಮುದ್ರಣ ಸಂಸ್ಥೆಗಳಾದರೋ ಆ ಗೆರೆಯ ಆಚೆಗೆ ಹಣವನ್ನಿಟ್ಟು ಕರೆಯುತ್ತಿದ್ದವು.

ಮಹಾಲಿಯಾ ಜಾಕ್ಸನ್ (1911–1972) ಆ ಕರೆಗೆ ಓಗೊಡಲಿಲ್ಲ. 1937ರಲ್ಲಿ ಡೆಕ್ಕಾ ಸಂಸ್ಥೆ ಹೊರತಂದ ಆಕೆಯ ಮೊದಲ ಧ್ವನಿಮುದ್ರಿಕೆಗಳು ಹೆಚ್ಚು ಮಾರಾಟವಾಗಲಿಲ್ಲ. ಬ್ಲೂಸ್ ಹಾಡಬೇಕೆಂಬ ಸಲಹೆ ಬಂದಾಗ ಆಕೆ ನಿರಾಕರಿಸಿದಳು. ಸಂಸ್ಥೆ ಆಕೆಯನ್ನು ಕೈಬಿಟ್ಟಿತು. ಮತ್ತೆ ಧ್ವನಿಮುದ್ರಣದ ಅವಕಾಶ ಒದಗಿದ್ದು 1946ರಲ್ಲಿ, ಅಪೊಲೊ ಸಂಸ್ಥೆಯಿಂದ. ನಡುವಣ ವರ್ಷಗಳಲ್ಲಿ ಆಕೆ ಚರ್ಚುಗಳಲ್ಲಿ ಹಾಡುತ್ತ, ಶಿಕಾಗೋ ನಗರದಲ್ಲಿ ಕೇಶಾಲಂಕಾರದ ಅಂಗಡಿಯನ್ನು ನಡೆಸಿ ಜೀವನೋಪಾಯ ಕಂಡುಕೊಂಡಳು. 1947ರಲ್ಲಿ ಮುದ್ರಿತವಾದ ‘ಮೂವ್ ಆನ್ ಅಪ್ ಎ ಲಿಟ್ಲ್ ಹೈಯರ್’ ಎಂಬ ಭಕ್ತಿಗೀತೆಯು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಗಿ, ಆಕೆಗೆ ದೇಶವ್ಯಾಪಿ ಕೀರ್ತಿಯನ್ನು ತಂದಿತು.

ಇಲ್ಲಿ ಒಂದು ಅಂಶವನ್ನು ಮರೆಯಲಾಗದು. ಆಕೆ ಹಣವನ್ನು ನಿರಾಕರಿಸಲಿಲ್ಲ. ಭಕ್ತಿಗೀತೆಯಿಂದಲೇ ಸಂಪತ್ತನ್ನು ಗಳಿಸಿದಳು. 1954ರಲ್ಲಿ ಕೊಲಂಬಿಯಾ ಸಂಸ್ಥೆಯನ್ನು ಸೇರಿದ ಬಳಿಕ ವಾದ್ಯವೃಂದದ ಆಡಂಬರ ಹೆಚ್ಚಿ ಹಾಡಿನ ತೀವ್ರತೆ ಕುಂದಿತೆಂಬ ಆಕ್ಷೇಪವೂ ಕೇಳಿಬಂದಿತು. ಆದುದರಿಂದ ‘ಹಣ ಮುಟ್ಟಿದವರು ಪತಿತರು, ಮುಟ್ಟದವರು ಪುನೀತರು’ ಎಂಬ ಸುಲಭವಾದ ಅಳತೆಗೋಲು ಇಲ್ಲಿ ನಿಲ್ಲದು. ಆಕೆಯ ಹಿರಿಮೆ ಇರುವುದು ಯಾವುದನ್ನು ಮಾರಬಾರದೆಂದು ತಾನೇ ನಿಶ್ಚಯಿಸಿ, ಅದರ ನಷ್ಟವನ್ನು ತಾನೇ ಹೊತ್ತುದರಲ್ಲಿ.

ಸ್ಯಾಮ್ ಕುಕ್ (1931–1964) ಬೇರೆ ದಾರಿಯನ್ನು ಹಿಡಿದನು. ಧರ್ಮೋಪದೇಶಕನ ಮಗನಾದ ಆತ ‘ಸೋಲ್ ಸ್ಟಿರರ್ಸ್’ ಎಂಬ ಭಕ್ತಿಗೀತ ತಂಡದ ಮುಖ್ಯ ಗಾಯಕನಾಗಿ ಹೆಸರಾಗಿದ್ದನು. ಆತನ ಮೊದಲ ಪ್ರೇಮಗೀತೆಯು 1957ರಲ್ಲಿ ‘ಡೇಲ್ ಕುಕ್’ ಎಂಬ ಮರೆಹೆಸರಿನಲ್ಲಿ ಹೊರಬಂದಿತು. ಭಕ್ತ ಶ್ರೋತೃಗಳು ಮುನಿಯುವರೆಂಬ ಅಂಜಿಕೆ ಅದಕ್ಕೆ ಕಾರಣ. ಆದರೆ ಹೆಸರನ್ನು ಮರೆಮಾಡಬಹುದು, ಕಂಠವನ್ನಲ್ಲ. ಅದೇ ವರ್ಷ ಸ್ವಂತ ಹೆಸರಿನಲ್ಲಿ ಬಂದ ‘ಯೂ ಸೆಂಡ್ ಮಿ’ ದೇಶದಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಮುಂದೆ ಆತ ‘ಸಾರ್’ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಪಾಲುದಾರಿಕೆಯಲ್ಲಿ ಸ್ಥಾಪಿಸಿ, ತನ್ನ ಹಳೆಯ ತಂಡದ ಭಕ್ತಿಗೀತೆಗಳನ್ನೇ ಮುದ್ರಿಸಿದನು. 1964ರಲ್ಲಿ ಆತ ಹಾಡಿದ ‘ಎ ಚೇಂಜ್ ಈಸ್ ಗಾನ ಕಮ್’ ಚರ್ಚಿನ ಗೀತೆಯಲ್ಲ. ಆದರೂ ನಾಗರಿಕ ಹಕ್ಕುಗಳಿಗಾಗಿ ಹೋರಾಡಿದವರಿಗೆ ಅದು ಪ್ರಾರ್ಥನೆಯಷ್ಟೇ ಆಪ್ತವಾಯಿತು.

ಈ ಇಬ್ಬರಲ್ಲಿ ಒಬ್ಬರನ್ನು ಹೊಗಳಿ ಇನ್ನೊಬ್ಬರನ್ನು ಹಳಿಯುವುದು ವಿವೇಕವಲ್ಲ. ಕುಕ್‌ನ ಜೀವನದಲ್ಲಿ ನೈತಿಕವಾಗಿ ದುರ್ಬಲವಾದ ಗಳಿಗೆ ಪ್ರೇಮಗೀತೆಯನ್ನು ಹಾಡಿದುದಲ್ಲ. ಹಾಡಿದವನು ತಾನಲ್ಲವೆಂಬಂತೆ ತೋರಿಸಿದುದು. ಬಹಿರಂಗವಾಗಿ ಒಪ್ಪಿಕೊಳ್ಳಲಾಗದ ಕಾರ್ಯವು ಮನಸ್ಸನ್ನು ಎರಡಾಗಿ ಸೀಳುತ್ತದೆ. ಸ್ವಂತ ಹೆಸರಿನಲ್ಲಿ ನಿಂತ ಮೇಲೆ ಆ ಒಡಕಿಗೆ ಎಡೆಯಿರಲಿಲ್ಲ.

ಆದರೆ ಆ ಅಂಜಿಕೆಯನ್ನು ಹುಟ್ಟಿಸಿದವರಾರು? ಭಕ್ತಿಗಾಯಕನು ಶುದ್ಧನಾಗಿರಬೇಕೆಂದು ಬಯಸುವ ಸಮಾಜವು ಅವನ ಮನೆಯ ಒಲೆ ಉರಿಯುತ್ತಿದೆಯೆ ಎಂದು ವಿಚಾರಿಸುವುದು ಅಪರೂಪ. ಹಾಡಿಗೆ ತಲೆದೂಗಿ, ಸಂಭಾವನೆಯ ಮಾತು ಬಂದಾಗ ‘ಇದು ದೇವರ ಸೇವೆ’ ಎಂದು ಸುಮ್ಮನಾಗುವವರಿಗೆ, ಗಾಯಕನು ಬೇರೆಡೆಗೆ ಹೋದಾಗ ದೂರುವ ಅಧಿಕಾರವೆಲ್ಲಿದೆ? ತ್ಯಾಗವು ಸ್ವಂತ ಇಚ್ಛೆಯಿಂದ ಬಂದಾಗ ಮಾತ್ರ ತ್ಯಾಗ. ಮತ್ತೊಬ್ಬರ ಮೇಲೆ ಹೊರಿಸಿದಾಗ ಅದು ಕೇವಲ ಬಡತನ. ಪೂಜಾಸ್ಥಳಗಳ ಆಡಳಿತವನ್ನು ಹೊತ್ತವರು ಗಾಯಕನ ಶುದ್ಧಿಯನ್ನು ಪರೀಕ್ಷಿಸುವ ಮೊದಲು, ಅವನಿಗೆ ತಾವು ಸಲ್ಲಿಸಬೇಕಾದುದನ್ನು ಸಲ್ಲಿಸಿದ್ದೇವೆಯೆ ಎಂದು ಕೇಳಿಕೊಳ್ಳುವುದು ನ್ಯಾಯವಾದ ಕ್ರಮ.