ದೈವವೂ ಪರರ ಪುರುಷಕಾರವೂ

ದೈವ ಹಿರಿದೋ ಪುರುಷಕಾರ ಹಿರಿದೋ ಎಂದು ಧರ್ಮರಾಯನು ಭೀಷ್ಮನನ್ನು ಕೇಳಿದ ಪ್ರಶ್ನೆಯು ಅನುಶಾಸನಪರ್ವದಲ್ಲಿದೆ. ದೈವವೆಂಬುದು ನಮ್ಮದೇ ಪ್ರಾಕ್ತನ ಪೌರುಷವಲ್ಲದೆ ಬೇರೇನೂ ಅಲ್ಲವೆಂಬ ಯೋಗವಾಸಿಷ್ಠದ ನಿರ್ಣಯವೂ ನಮ್ಮ ವಿಚಾರವಂತರಿಗೆ ಪರಿಚಿತವಾದುದೇ. ಆದರೆ ತಾಯ್ತನವು ಎಂದು ಬರಬೇಕು, ವಿದ್ಯೆ ಎಲ್ಲಿಯವರೆಗೆ ಸಾಗಬೇಕು, ಯಾವ ವೃತ್ತಿಯನ್ನು ಹಿಡಿಯಬೇಕು ಎಂಬ ಮೂರು ಪ್ರಶ್ನೆಗಳೂ ಒಂದೇ ದಶಕದಲ್ಲಿ ಬಂದು ಮುತ್ತುವ ತರುಣಿಯ ಬಾಳನ್ನು ಮುಂದಿಟ್ಟುಕೊಂಡು ಈ ಚರ್ಚೆ ನಡೆದುದು ವಿರಳ.

ಅಂತಹ ಚರ್ಚೆಗೆ ಬೇಕಾದ ಸಾಮಗ್ರಿಯನ್ನು ನಮ್ಮ ಕಾಲದಲ್ಲಿ ಒದಗಿಸಿರುವುದು ಸಂಖ್ಯಾಶಾಸ್ತ್ರ. ಅಮೆರಿಕದಲ್ಲಿ ಗರ್ಭನಿರೋಧಕ ಗುಳಿಗೆಗೆ 1960ರಲ್ಲಿ ಅನುಮತಿ ದೊರೆಯಿತಾದರೂ, ಅನೇಕ ಸಂಸ್ಥಾನಗಳಲ್ಲಿ 21 ವರ್ಷ ತುಂಬದ ಅವಿವಾಹಿತೆಯು ತಂದೆತಾಯಿಗಳ ಸಮ್ಮತಿಯಿಲ್ಲದೆ ಅದನ್ನು ಪಡೆಯುವಂತಿರಲಿಲ್ಲ. ಆ ದಶಕದ ಕೊನೆಯಿಂದ ಮುಂದಿನ ದಶಕದ ಆರಂಭದವರೆಗೆ, ಒಂದು ಸಂಸ್ಥಾನ ಒಂದು ವರ್ಷ ಮತ್ತೊಂದು ಇನ್ನೊಂದು ವರ್ಷ ಎಂಬಂತೆ, ಪ್ರಾಪ್ತವಯಸ್ಸು 18ಕ್ಕೆ ಇಳಿಯಿತು. ಇದಕ್ಕೆ ಪ್ರೇರಕವಾದುವುಗಳಲ್ಲಿ ದೊಡ್ಡದು, ವಿಯೆಟ್ನಾಮಿನ ರಣರಂಗಕ್ಕೆ ಅಟ್ಟಲು ತಕ್ಕವನಾದ ಹುಡುಗನು ಮತ ನೀಡಲೂ ತಕ್ಕವನೆಂಬ ವಾದ. 1971ರ ಸಂವಿಧಾನ ತಿದ್ದುಪಡಿಯೂ ಅದೇ ವಾದದ ಫಲ. ಹೀಗೆ ಸೈನಿಕನನ್ನು ನೆನೆದು ಮಾಡಿದ ಕಾನೂನು ಕನ್ಯೆಯ ಬಾಗಿಲನ್ನೂ ತೆರೆಯಿತು. ಈ ಸಂಸ್ಥಾನಗಳ ನಡುವಣ ಕಾಲಭೇದವನ್ನೇ ಸಾಧನವಾಗಿ ಹಿಡಿದು, ಕ್ಲಾಡಿಯಾ ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗುಳಿಗೆ ಬೇಗನೆ ಕೈಗೆಟುಕಿದ ತರುಣಿಯರು ವಿವಾಹವನ್ನು ಮುಂದೂಡಿ, ದೀರ್ಘಾಧ್ಯಯನವನ್ನು ಬೇಡುವ ವೃತ್ತಿಗಳತ್ತ ಹೆಚ್ಚಾಗಿ ತೆರಳಿದರೆಂದು ತೋರಿಸಿದರು. ನ್ಯಾಯಶಾಸ್ತ್ರದ ಮೊದಲ ವರ್ಷದ ತರಗತಿಗಳಲ್ಲಿ 1970ರಲ್ಲಿ ನೂರಕ್ಕೆ 10ರಷ್ಟಿದ್ದ ಸ್ತ್ರೀಯರು 1980ರ ವೇಳೆಗೆ 36ರಷ್ಟಾಗಿದ್ದರು. ಗುಳಿಗೆಯೊಂದೇ ಇದಕ್ಕೆ ಕಾರಣವೆಂದು ಆ ಲೇಖಕರೂ ಹೇಳುವುದಿಲ್ಲ. ಶಿಕ್ಷಣದಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಕಾನೂನೂ, ಸ್ತ್ರೀಯರ ಸಂಘಟಿತ ಹೋರಾಟವೂ ಅದೇ ಕಾಲದವು.

ಹಾಗಾದರೆ ಆ ತರುಣಿಯರು ಆರಿಸಿಕೊಂಡರೆ, ಇಲ್ಲವೆ ಕಾನೂನು ಅವರ ಪರವಾಗಿ ಆರಿಸಿತೆ? ಸರಾಸರಿಯ ಲೆಕ್ಕವು ಒಬ್ಬಳ ಅಂತರಂಗವನ್ನು ಪ್ರವೇಶಿಸಲಾರದು. ಬಾಗಿಲು ತೆರೆದ ಬಳಿಕವೂ ಹೋಗದಿದ್ದವರು ಇದ್ದರು, ಮುಚ್ಚಿದ್ದಾಗಲೂ ನುಗ್ಗಿ ನಡೆದವರಿದ್ದರು. ಸಂಕಲ್ಪವು ಸುಳ್ಳೆಂದು ಅಂಕಿಗಳು ಹೇಳುತ್ತಿಲ್ಲ. ಸಂಕಲ್ಪವು ನಿಲ್ಲುವ ನೆಲ ಯಾವುದೆಂಬುದನ್ನು ಅವು ತೋರುತ್ತಿವೆ. ಯಾವ ವರ್ಷ, ಯಾವ ಸಂಸ್ಥಾನದಲ್ಲಿ ಹುಟ್ಟಿದೆನೆಂಬುದು ಆ ಹುಡುಗಿಯ ಪಾಲಿಗೆ ಶುದ್ಧ ದೈವ. ಶಾಸನಸಭೆಯಲ್ಲಿ ಕೈಯೆತ್ತಿದವರ ಪಾಲಿಗೆ ಅದೇ ಪುರುಷಕಾರ. ನನಗೆ ಇಲ್ಲಿಯೇ ಶಾಸ್ತ್ರನಿರ್ಣಯಕ್ಕೆ ಒಂದು ತಿದ್ದುಪಡಿ ಅಗತ್ಯವೆನಿಸುತ್ತದೆ: ನಾವು ದೈವವೆಂದು ತಲೆಬಾಗುವುದರಲ್ಲಿ ಬಹುಭಾಗವು ನಮ್ಮ ಪೂರ್ವಜನ್ಮದ ಕರ್ಮವಾಗಿರದೆ, ಇದೇ ಜನ್ಮದಲ್ಲಿ ಇತರರು ಎಸಗಿದ ಕರ್ಮವಾಗಿರುತ್ತದೆ.

ಗುಳಿಗೆ ಎಲ್ಲ ಗಂಟುಗಳನ್ನೂ ಬಿಡಿಸಿತೆಂದು ಇದರಿಂದ ತಿಳಿಯಲಾಗದು. ಸ್ತ್ರೀಪುರುಷ ಸಮತೆಗೆ ಹೆಸರಾದ ಡೆನ್ಮಾರ್ಕಿನಲ್ಲಿಯೇ, ಮೊದಲ ಮಗುವಿನ ಜನನಾನಂತರ ತಾಯಿಯ ಸಂಪಾದನೆಯು ತಂದೆಯದಕ್ಕೆ ಹೋಲಿಸಿದರೆ ದೀರ್ಘಕಾಲದಲ್ಲಿ ನೂರಕ್ಕೆ ಸುಮಾರು 20ರಷ್ಟು ಹಿಂದೆ ಬೀಳುವುದೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ತಂದೆಯ ದುಡಿಮೆಯಲ್ಲಿ ಏರುಪೇರು ಕಾಣಲಿಲ್ಲ. ಹೆರುವುದು ಪ್ರಕೃತಿಧರ್ಮ; ಹೆತ್ತ ಮೇಲಿನ ಇಷ್ಟು ದೀರ್ಘಕಾಲದ ಅಂತರವನ್ನು ಪ್ರಕೃತಿಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ಮಗಳ ಓದನ್ನೋ ಸೊಸೆಯ ಉದ್ಯೋಗವನ್ನೋ ನಿಲ್ಲಿಸುವ ಗಳಿಗೆಯಲ್ಲಿ ಹಣೆಬರಹವೆಂಬ ಮಾತನ್ನು ಎತ್ತುವ ಹಿರಿಯರು, ಆ ಬರಹದಲ್ಲಿ ತಮ್ಮ ಕೈ ಎಷ್ಟಿದೆಯೆಂಬುದನ್ನು ಮೊದಲು ವಿಚಾರಿಸಿಕೊಳ್ಳಲಿ.