ಸುಟ್ಟ ಹಡಗಿಗೆ ಸಾಕ್ಷಿ ಯಾರು?

2019ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮೊಬೀಲ್ ನದಿಯ ಕೆಸರಿನಲ್ಲಿ ಒಂದು ಹಡಗಿನ ಅವಶೇಷವನ್ನು ತಜ್ಞರು ಗುರುತಿಸಿದರು. ಅದು ಕ್ಲೋಟಿಲ್ಡಾ. ದಡದ ಆಫ್ರಿಕಾಟೌನ್ ಎಂಬ ಊರಿನ ಕರಿಯ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ ನಿಜವೆಂದು ಆಗ ಜಗತ್ತು ಒಪ್ಪಿತು. ಈ ಒಪ್ಪಿಗೆಯ ರೀತಿಯ ಬಗ್ಗೆ ನನಗೆ ತಕರಾರಿದೆ.

ಕಥೆ ಇಷ್ಟು. ಹೊರದೇಶದಿಂದ ಗುಲಾಮರನ್ನು ತರುವುದು 1808ರಲ್ಲೇ ನಿಷಿದ್ಧವಾಗಿತ್ತು. ಆದರೂ 1860ರಲ್ಲಿ ಟಿಮೊಥಿ ಮೇಹರ್ ಎಂಬ ಶ್ರೀಮಂತನಿಗಾಗಿ ಕ್ಯಾಪ್ಟನ್ ವಿಲಿಯಂ ಫಾಸ್ಟರ್ ಪಶ್ಚಿಮ ಆಫ್ರಿಕಾದಿಂದ ಸುಮಾರು 110 ಜನರನ್ನು ಸಾಗಿಸಿ ತಂದ. ಅವರನ್ನು ಇಳಿಸಿಕೊಂಡ ಮೇಲೆ ಗುರುತು ಸಿಗದಿರಲೆಂದು ಹಡಗಿಗೆ ಬೆಂಕಿ ಹಚ್ಚಲಾಯಿತು. ಐದು ವರ್ಷಗಳ ನಂತರ ಬಿಡುಗಡೆಯಾದಾಗ ಆ ಜನರಲ್ಲಿ ತವರಿಗೆ ಮರಳುವಷ್ಟು ದುಡ್ಡಿರಲಿಲ್ಲ. ದುಡಿದು ಜಮೀನು ಕೊಂಡರು. ಅದರಲ್ಲಿ ಮೇಹರ್‌ ಮನೆತನದ್ದೂ ಇತ್ತು. ಊರು ಕಟ್ಟಿದರು, ಮಕ್ಕಳಿಗೆ ಕಥೆ ಹೇಳಿದರು. ಹೊರಗಿನ ಅನೇಕರು ಅದನ್ನು ಕಟ್ಟುಕಥೆ ಎಂದರು.

ಪುರಾವೆ ಸುಟ್ಟವನು ಒಬ್ಬ, ಪುರಾವೆ ತರಬೇಕಾದವನು ಇನ್ನೊಬ್ಬ. ಇದು ಯಾವ ನ್ಯಾಯ? ಗುಲಾಮರ ಬಗ್ಗೆ ಕಾಗದ ಬರೆದದ್ದು ಬಹುಪಾಲು ಅವರನ್ನು ಕೊಂಡವರು, ಮಾರಿದವರು. ಆ ಕಾಗದವನ್ನೇ ಪ್ರಮಾಣವೆಂದರೆ ಅಪರಾಧಿಯನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದಂತೆ. ಹಡಗು ಸಿಗದಿದ್ದರೂ ಆಫ್ರಿಕಾಟೌನಿನ ಮಾತು ಅಷ್ಟೇ ನಿಜವಾಗಿರುತ್ತಿತ್ತು.

ನೆನಪು ತಪ್ಪುವುದಿಲ್ಲವೇ? ತಪ್ಪುತ್ತದೆ. ಇಸವಿ ಮರೆತುಹೋಗುತ್ತದೆ, ಇಬ್ಬರ ಬದುಕು ಒಬ್ಬರದಾಗುತ್ತದೆ. ಆದರೆ ಹತ್ತು ಮನೆಯಲ್ಲಿ ಹೇಳುವ ಕಥೆಗೆ, ‘ಹಾಗಲ್ಲ, ನಮ್ಮಜ್ಜಿ ಹೇಳಿದ್ದೇ ಬೇರೆ’ ಎಂದು ತಡೆಯುವವರೂ ಇರುತ್ತಾರೆ. ಬರಹವೇನು ಪರಿಶುದ್ಧವೇ? ಕ್ಲೋಟಿಲ್ಡಾದಲ್ಲಿ ಬಂದ ಕೊಸ್ಸೋಲಾ ಬಗ್ಗೆ ಲೇಖಕಿ ಜೋರಾ ನೀಲ್ ಹರ್ಸ್ಟನ್ 1927ರಲ್ಲಿ ಪ್ರಕಟಿಸಿದ ಲೇಖನದ ಬಹುಭಾಗ ಎಮ್ಮಾ ರೋಶ್ ಎಂಬವರ ಪುಸ್ತಕದಿಂದ ಎತ್ತಿದ್ದಾಗಿತ್ತು.

ಅದೇ ಹರ್ಸ್ಟನ್ ಮತ್ತೆ ಹೋಗಿ ಅವನ ಜಗಲಿಯಲ್ಲಿ ಕೂತಾಗ ಸಿಕ್ಕಿದ್ದೇ ಬೇರೆ. ಕ್ಯೂಡ್ಜೋ ಲೂಯಿಸ್ ಎಂದಲ್ಲದೆ ಕೊಸ್ಸೋಲಾ ಎಂಬ ಆಫ್ರಿಕಾದ ಹೆಸರಿನಿಂದಲೇ ಕರೆದದ್ದಕ್ಕೆ ಮುದುಕನ ಕಣ್ಣು ತುಂಬಿತು. ಆಕೆ ಪೀಚ್ ಹಣ್ಣು ತರುತ್ತಿದ್ದಳು, ಇಬ್ಬರೂ ತಿನ್ನುತ್ತಿದ್ದರು. ಕೆಲವು ದಿನ ಅವನಿಗೆ ಮಾತೇ ಬೇಡವಾಗುತ್ತಿತ್ತು; ಆಕೆ ಎದ್ದು ಹೋಗುತ್ತಿದ್ದಳು. ಫೋಟೋ ತೆಗೆಯುತ್ತೇನೆಂದಾಗ ಒಳ್ಳೆಯ ಸೂಟು ತೊಟ್ಟು, ಬೂಟು ಮಾತ್ರ ಕಳಚಿ ಬರಿಗಾಲಲ್ಲಿ ಬಂದ, ಆಫ್ರಿಕಾದಲ್ಲಿರುವಂತೆ ಕಾಣಬೇಕೆಂದು. ಹೆಂಡತಿ ಮಕ್ಕಳ ಗೋರಿಗಳ ನಡುವೆ ನಿಂತ. ಆ ಬರಿಗಾಲನ್ನು ಯಾವ ಹಡಗಿನ ಹಲಗೆಯೂ ನಮಗೆ ಹೇಳಲಾರದು.

1931ರಲ್ಲಿ ಪ್ರಕಾಶಕರು ಕೊಸ್ಸೋಲಾನ ಆಡುಮಾತನ್ನು ಶಿಷ್ಟ ಇಂಗ್ಲಿಷಿಗೆ ತಿದ್ದಿ ಕೊಡಿ ಎಂದರು. ಹರ್ಸ್ಟನ್ ಒಪ್ಪಲಿಲ್ಲ. ಅವನ ಕಥೆ ಹೇಳುವ ಆಕೆಯ ಪುಸ್ತಕ ‘ಬರಾಕೂನ್’ ಅಚ್ಚಾದದ್ದು 2018ರಲ್ಲಿ, ಹೇಳಿದವನೂ ಬರೆದವಳೂ ಸತ್ತು ಎಷ್ಟೋ ಕಾಲವಾದ ಮೇಲೆ. ಆಕೆಯದು ಸರಿಯಾದ ಹಟ ಎಂದೇ ನನ್ನ ನಂಬಿಕೆ. ತಿದ್ದಿದ ಮಾತಿನಲ್ಲಿ ಘಟನೆ ಉಳಿಯುತ್ತದೆ, ಮನುಷ್ಯ ಉಳಿಯುವುದಿಲ್ಲ.

ಇದು ನಮಗೂ ಹತ್ತಿರದ ವಿಷಯ. ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳ ಪೂರ್ವಜರೂ ಆಫ್ರಿಕಾದಿಂದ ಬಂದವರು. ಅನೇಕರು ಪೋರ್ಚುಗೀಸರ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರೆಂದು ಹೇಳುತ್ತಾರೆ. ಅವರ ಹಿರಿಯರ ಬಳಿ ಕೂತು ದಾಖಲಿಸುವವರು ಆ ಕೊಂಕಣಿಯನ್ನೂ ಕನ್ನಡವನ್ನೂ ಆಡಿದ ಹಾಗೇ ಬರೆದುಕೊಳ್ಳಲಿ. ಬರೆದದ್ದನ್ನು ಮೊದಲು ಆ ಕೇರಿಯಲ್ಲೇ ಓದಿ ಹೇಳಲಿ. ‘ಹಾಗಲ್ಲ’ ಎನ್ನುವ ಹಕ್ಕು ಅವರದು.