ಸಾಣೆ ಹಿಡಿದವನ ಬಾಕಿ

ಮೂಡಲಗಿ, ಹುಕ್ಕೇರಿ ಕಡೆಯ ವರ್ಕ್‌ಶಾಪುಗಳಲ್ಲಿ ಮೊಂಡಾದ ಡ್ರಿಲ್ ಬಿಟ್ಟನ್ನು ಯಾರೂ ಎಸೆಯೋದಿಲ್ಲ. ಗ್ರೈಂಡರಿಗೆ ಹಿಡಿದು ನಾಲ್ಕು ಕಿಡಿ ಹಾರಿಸಿದರೆ ಮತ್ತೆ ಕೊರೆಯುತ್ತೆ. ಕೊರೆಯುತ್ತಲ್ಲ, ಮತ್ತೇನು ಬೇಕು? ನನ್ನ ತಕರಾರು ಇರೋದು ಇಲ್ಲೇ.

ಸಾಮಾನ್ಯ ಬಿಟ್ಟಿನ ತುದಿ 118 ಡಿಗ್ರಿ. ಅದರ ಎರಡೂ ಅಂಚುಗಳ ಕೋನ, ಉದ್ದ ಸಮ ಇರಬೇಕು. ಒಂದು ಅಂಚು ಉದ್ದವಾದರೆ ತುದಿ ನಡುವಿನಿಂದ ಸರಿಯುತ್ತೆ, 12 ಮಿ.ಮೀ. ಬಿಟ್ಟು 12ಕ್ಕಿಂತ ದೊಡ್ಡ ತೂತು ಕೊರೆಯುತ್ತೆ. ಬೋಲ್ಟ್ ಬಿಗಿದ ಮೇಲೆ ಅದು ಯಾರ ಕಣ್ಣಿಗೂ ಬೀಳೋದಿಲ್ಲ. ಕಬ್ಬು ಹೇರಿದ ಟ್ರೇಲರ್ ಗೋಕಾಕದ ರಸ್ತೆಯಲ್ಲಿ ಕುಲುಕುತ್ತಾ ಹೋಗುವಾಗ ಬೋಲ್ಟ್ ಸಡಿಲಾದರೆ, ಡ್ರೈವರ್ ಬೈಯೋದು ಬೋಲ್ಟನ್ನು, ಇಲ್ಲಾ ರಸ್ತೆಯನ್ನು. ಸಾಣೆ ಹಿಡಿದವನ ಹೆಸರು ಬರೋದೇ ಇಲ್ಲ.

ಇನ್ನೊಂದಿದೆ. ಬಿಟ್ಟಿನ ನಡುವಿನ ತಿರುಳು ಬುಡದ ಕಡೆ ದಪ್ಪ. ಸಾಣೆ ಹಿಡಿದು ಗಿಡ್ಡಾದಷ್ಟೂ ತುದಿ ದಪ್ಪವಾಗುತ್ತೆ, ಅದನ್ನೂ ತೆಳ್ಳಗೆ ಮಾಡಬೇಕು. ಹಳೇ ಬಿಟ್ಟು ಹೆಚ್ಚು ಕೆಲಸ ಕೇಳುತ್ತೆ, ಕೂಲಿ ಮಾತ್ರ ಅಷ್ಟೇ. (ಹಳೇ ಕೋಡ್ ತಿದ್ದೋ ನಮಗೆ ಗೊತ್ತಿರೋ ಸಂಕಟ. ಆದರೆ ನಮಗೆ ರಿವ್ಯೂ ಮಾಡೋರಿದ್ದಾರೆ.)

ಕೇಳದ, ಅಳೆಯಲಾರದ ಗಿರಾಕಿಗೆ ಈ ನಿಖರತೆ ಬಾಕಿ ಇದೆಯಾ? ಇದೆ ಅಂತೀನಿ. ಅವನು ದುಡ್ಡು ಕೊಟ್ಟಿದ್ದು ಸರಿಯಾದ ತೂತಿಗೆ. ಅಳತೆ ಗೊತ್ತಿರೋನು ಒಬ್ಬನೇ ಆದಾಗ, ಗೊತ್ತಿಲ್ಲದವನ ಪರವಾಗಿ ಅಳೆಯೋದೂ ಅವನ ಪಾಲಿಗೇ ಬರುತ್ತೆ. ಬೇಕಾಗೋದು ಒಂದು ಗೇಜು, ಒಂದು ನಿಮಿಷ. ಹಂಗಾಮಿನಲ್ಲಿ, ಸಂಜೆಯೊಳಗೆ ಗಾಡಿ ಬೇಕು ಅಂತ ರೈತ ಬಾಗಿಲಲ್ಲೇ ನಿಂತಿರುವಾಗ ಆ ಒಂದು ನಿಮಿಷ ಸಿಗೋದು ಕಷ್ಟ, ಒಪ್ತೀನಿ.